ಹಾಸ್ಟೆಲ್, ಪಿ.ಜಿ. ಕರಾರು: ಕಾಸರಗೋಡಿನ ವಿದ್ಯಾರ್ಥಿಗಳೂ ಮನೆಯವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ಲಸ್ ಟು ಮುಗಿಸಿದ ನಮ್ಮ ಮಕ್ಕಳಿಗೆ ಎರಡು ದಾರಿ. ಒಂದು ತೆಂಕು ದಿಕ್ಕಿನ ಪೆರಿಯ, ಕಾಞಂಗಾಡು, ಕಣ್ಣೂರು. ಇನ್ನೊಂದು ತಲಪಾಡಿ ದಾಟಿ ದೇರಳಕಟ್ಟೆ, ಕೊಣಾಜೆ, ಮಂಗಳೂರು. ಕುಂಬಳೆ, ಮಂಜೇಶ್ವರದವರು ರೈಲಿನ ಸೀಸನ್ ಟಿಕೆಟ್ ಮಾಡಿಸಿ ದಿನಾ ಹೋಗಿ ಬರುತ್ತಾರೆ. ಅಡೂರು, ಬಂದಡ್ಕ, ಪೆರ್ಲದ ಒಳಗಿನವರಿಗೆ ಅದು ಆಗುವ ಮಾತಲ್ಲ. ಅವರು ಹಾಸ್ಟೆಲೋ ಪಿ.ಜಿ.ಯೋ ಹಿಡಿಯಲೇಬೇಕು. ಸೀಟು ಸಿಕ್ಕಿದ ಗಡಿಬಿಡಿ, ಹೊರಗೆ ಮಳೆ, ಕೈಯಲ್ಲಿ ಹಾಸಿಗೆ ಗಂಟು. ಅಂಥ ಹೊತ್ತಲ್ಲಿ ನಾಲ್ಕೈದು ಪುಟದ ಕಾಗದಕ್ಕೆ ಸಹಿ ಬಿದ್ದುಹೋಗುತ್ತದೆ.

ಕೆಳಗಿನ ಉತ್ತರಗಳಲ್ಲಿ ನಾನು ಹಟ ಹಿಡಿದು ಹೇಳುವುದು ಒಂದೇ: ಕರಾರನ್ನು ಬಿಡುವ ಕಡೆಯಿಂದ ಓದಿ. ಸೇರುವುದು ಹೇಗೆ ಎಂದು ಯಾರೂ ಹೇಳಿಕೊಡಬೇಕಿಲ್ಲ, ದುಡ್ಡು ಕಟ್ಟಿದರೆ ಸಾಕು. ಬಿಡುವಾಗ ಎಷ್ಟು ದಿನ ಮೊದಲು ಹೇಳಬೇಕು, ಎಷ್ಟು ವಾಪಸ್ ಬರುತ್ತದೆ, ಯಾವಾಗ ಬರುತ್ತದೆ? ಜಗಳವೆಲ್ಲ ಅಲ್ಲೇ.

ನಮಗೆ ಕೊಟ್ಟದ್ದು ಬರೀ ಅರ್ಜಿ ಫಾರಂ. ಅದೂ ಕರಾರೇ?

ಹೌದು. ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಕರಾರು ಎಂಬ ತಲೆಬರಹದ ಕಾಗದ ಸಾಮಾನ್ಯವಾಗಿ ಇರುವುದಿಲ್ಲ. ಅರ್ಜಿ, ರೂಮು ಹಂಚಿಕೆಯ ಪತ್ರ, ಮುಚ್ಚಳಿಕೆ, ಫೀಸಿನ ರಸೀದಿ, ಇವೆಲ್ಲ ಸೇರಿ ಕರಾರಾಗುತ್ತದೆ. ಅರ್ಜಿಯ ಕೆಳಗೆ ಸಣ್ಣ ಅಕ್ಷರದಲ್ಲಿ ‘ಹಾಸ್ಟೆಲಿನ ನಿಯಮಗಳಿಗೆ ಬದ್ಧನಾಗಿರುತ್ತೇನೆ’ ಎಂಬ ಒಂದು ಸಾಲು ಇರುತ್ತದೆ, ನೋಡಿ. ಆ ಒಂದು ಸಾಲು ಇಡೀ ನಿಯಮಾವಳಿಯನ್ನು ಕರಾರಿನೊಳಗೆ ಎಳೆದು ತರುತ್ತದೆ. ಹಾಗಾಗಿ ಸಹಿಗೆ ಮೊದಲು ನಿಯಮಾವಳಿ ಕೇಳಿ ಪಡೆಯಿರಿ. ಹೆಚ್ಚಿನ ಕಡೆ ಪಿಡಿಎಫ್ ಇರುತ್ತದೆ, ಕೇಳಿದವರಿಗೆ ಕೊಡುತ್ತಾರೆ. ಕೇಳುವವರೇ ಕಡಿಮೆ.

ಇದರ ಜೊತೆಗೆ ರ್‍ಯಾಗಿಂಗ್ ಮಾಡುವುದಿಲ್ಲ ಎಂಬ ಪ್ರಮಾಣಪತ್ರವೂ ಬರುತ್ತದೆ. ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ, 2009ರ ನಿಯಮದ ಪ್ರಕಾರ ಅದನ್ನು ವಿದ್ಯಾರ್ಥಿಯೂ ಕೊಡಬೇಕು, ತಂದೆ ತಾಯಿಯೂ ಕೊಡಬೇಕು. ಅದಕ್ಕೆ ಹೆದರಬೇಕಾದ್ದಿಲ್ಲ. ರ್‍ಯಾಗಿಂಗ್ ದೂರಿನ ಸಹಾಯವಾಣಿ 1800-180-5522. ಮಕ್ಕಳ ಫೋನಿನಲ್ಲಿ ಸೇವ್ ಮಾಡಿಸಿಬಿಡಿ.

ಹಾಸ್ಟೆಲ್, ಪಿ.ಜಿ., ಬಾಡಿಗೆ ಮನೆ: ಕಾನೂನಿನ ಲೆಕ್ಕದಲ್ಲಿ ಮೂರೂ ಒಂದೇನಾ?

ಅಲ್ಲ. ಈ ವ್ಯತ್ಯಾಸ ಗೊತ್ತಿದ್ದರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಹಾಗೆ.

ಇಡೀ ಮನೆ ನಿಮ್ಮ ವಶಕ್ಕೆ ಬಂದು, ಬೀಗದ ಕೈ ನಿಮ್ಮಲ್ಲಿದ್ದು, ಮಾಲಕರು ಕೇಳದೆ ಒಳಗೆ ಬರುವಂತಿಲ್ಲ ಎಂದಾದರೆ ಅದು ಗೇಣಿಯ ತರಹದ ಬಾಡಿಗೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 105ನೇ ಸೆಕ್ಷನ್ ಹೇಳುವುದು ಇದನ್ನೇ. ಹಾಸ್ಟೆಲಿನ ಮಂಚ, ಪಿ.ಜಿ.ಯ ಮೂರು ಮಂದಿಯ ರೂಮು ಹಾಗಲ್ಲ. ಅಲ್ಲಿ ವಶ ಮಾಲಕರದ್ದೇ. ನಿಮಗೆ ಇರುವುದು ‘ಇದ್ದುಕೊಳ್ಳಿ’ ಎಂಬ ಅನುಮತಿ, ಅಂದರೆ ಲೈಸೆನ್ಸ್. ಅದು ಅದೇ 1882ರ ಈಸ್‌ಮೆಂಟ್ ಕಾಯ್ದೆಯ 52ನೇ ಸೆಕ್ಷನಿನಲ್ಲಿ ಬರುತ್ತದೆ.

ಇದರಿಂದ ಏನಾಗುತ್ತದೆ? ಬಾಡಿಗೆ ಮನೆಯವರನ್ನು ಎಬ್ಬಿಸಲು ಮಾಲಕರು ಕೋರ್ಟಿನ ದಾರಿ ಹಿಡಿಯಬೇಕು. ಕರಾರಿನಲ್ಲಿ ಬೇರೆ ಏನೂ ಹೇಳದೆ ಇದ್ದರೆ, ತಿಂಗಳ ಬಾಡಿಗೆಯ ಮನೆಗೆ ಎರಡೂ ಕಡೆಯವರು 15 ದಿನದ ನೋಟಿಸು ಕೊಡಬೇಕು ಎಂದು ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ ಹೇಳುತ್ತದೆ. ಹಾಸ್ಟೆಲಿನವರಿಗೆ, ಪಿ.ಜಿ.ಯವರಿಗೆ ಇಷ್ಟು ರಕ್ಷಣೆ ಇಲ್ಲ. ಅವರಿಗೆ ಕರಾರಿನಲ್ಲಿ ಏನು ಬರೆದಿದೆಯೋ ಅದೇ ಆಸರೆ. ಮೇಲೆ ‘ಲೈಸೆನ್ಸ್’ ಎಂದು ಬರೆದ ಮಾತ್ರಕ್ಕೆ ಬಾಡಿಗೆ ಮನೆ ಲೈಸೆನ್ಸ್ ಆಗುವುದಿಲ್ಲ. ವಶ ಯಾರ ಕೈಯಲ್ಲಿದೆ ಎಂದು ಕೋರ್ಟು ನೋಡುತ್ತದೆ.

ಎಲ್ಲರೂ 11 ತಿಂಗಳಿಗೆ ಬರೆಯುವುದು ಯಾಕೆ?

ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ರಿಜಿಸ್ಟರ್ ಮಾಡಿಸಲೇಬೇಕು ಎಂದು 1908ರ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಓಡಾಟ, ಖರ್ಚು ಬೇಡ ಎಂದು 11 ತಿಂಗಳಿಗೆ ನಿಲ್ಲಿಸುತ್ತಾರೆ. ಮೋಸವೇನಲ್ಲ. ನೀವು ನೋಡಬೇಕಾದ್ದು ಬೇರೆ: ಏಪ್ರಿಲ್, ಮೇ ರಜೆಗೂ ಬಾಡಿಗೆ ಕೊಡಬೇಕಾ? ತರಗತಿ ಇಲ್ಲದ ಎರಡು ತಿಂಗಳಿಗೆ ಪೂರ್ತಿ ಬಾಡಿಗೆ, ಅರ್ಧ ಬಾಡಿಗೆ, ಅಥವಾ ಸಾಮಾನು ಇಟ್ಟುಹೋದರೆ ಮಾತ್ರ ಬಾಡಿಗೆ, ಹೀಗೆ ಒಬ್ಬೊಬ್ಬರದ್ದು ಒಂದೊಂದು ಕ್ರಮ. ಜೂನ್‌ನಲ್ಲಿ ಕೇಳಿದರೆ ಬಿಟ್ಟುಕೊಡುತ್ತಾರೆ. ಏಪ್ರಿಲ್‌ನಲ್ಲಿ ಕೇಳಿದರೆ ಇಲ್ಲ.

ಮಗಳಿಗೆ 18 ತುಂಬಲು ಇನ್ನೂ ಮೂರು ತಿಂಗಳಿದೆ. ಅವಳು ಸಹಿ ಹಾಕಬಹುದಾ?

ಹಾಕಿದರೂ ಅದಕ್ಕೆ ಬೆಲೆ ಇಲ್ಲ. 1872ರ ಕರಾರು ಕಾಯ್ದೆಯ ಪ್ರಕಾರ 18 ತುಂಬದವರ ಜೊತೆ ಮಾಡಿದ ಕರಾರು ಕರಾರೇ ಅಲ್ಲ. ಬ್ರಿಟಿಷರ ಕಾಲದ ಎಲ್ಲಕ್ಕಿಂತ ಮೇಲಿನ ಕೋರ್ಟಾದ ಪ್ರಿವಿ ಕೌನ್ಸಿಲ್ 1903ರಲ್ಲೇ ಇದನ್ನು ತೀರ್ಮಾನಿಸಿಬಿಟ್ಟಿದೆ. ಹಾಗಾಗಿ ಮಾಲಕರು ತಂದೆಯದ್ದೋ ತಾಯಿಯದ್ದೋ ಹೆಸರಲ್ಲಿ ಕರಾರು ಬರೆಸುತ್ತಾರೆ. ಆಗ ಬಾಡಿಗೆದಾರರು ನೀವು, ಇರುವವಳು ಮಗಳು. ‘ಇವಳ ವಾಸಕ್ಕಾಗಿ’ ಎಂದು ಹೆಸರು ಹಾಕಿ ಬರೆಸಿ. ಇಲ್ಲದಿದ್ದರೆ ನಾಳೆ ‘ನಿಮಗೆ ಕೊಟ್ಟದ್ದು, ಇವರು ಯಾರು?’ ಎಂಬ ಮಾತು ಬಂದೀತು.

ಅಪ್ಪ ಸಹಿ ಹಾಕುವ ಜಾಗದಲ್ಲಿ ಕೆಲವು ಕಡೆ ‘ರಕ್ಷಕರು’, ಕೆಲವು ಕಡೆ ‘ಜಾಮೀನುದಾರರು’ ಎಂದಿದೆ. ಏನು ವ್ಯತ್ಯಾಸ?

ಹಣದ ವ್ಯತ್ಯಾಸ. ರಕ್ಷಕರು ಎಂದರೆ ಮಗುವಿಗೆ ಹುಷಾರಿಲ್ಲದಾಗ ಫೋನ್ ಮಾಡಬೇಕಾದ ಜನ. ಜಾಮೀನುದಾರರು ಎಂದರೆ ಮಗ ಕಟ್ಟದ ಬಾಡಿಗೆಯನ್ನು ಕಟ್ಟಬೇಕಾದ ಜನ. ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ, ಕರಾರಿನಲ್ಲಿ ಬೇರೆ ಬರೆಯದಿದ್ದರೆ. ನಿಮ್ಮ ಮಕ್ಕಳಿಗೆ ನೀವು ಜಾಮೀನು ನಿಲ್ಲುವುದು ಸರಿ. ಆದರೆ ಮಂಗಳೂರಿನಲ್ಲಿರುವ ಭಾವನನ್ನೋ ಸೋದರಮಾವನನ್ನೋ ‘ಲೋಕಲ್ ಗಾರ್ಡಿಯನ್’ ಎಂದು ಕರೆದುಕೊಂಡು ಹೋಗುತ್ತೀರಲ್ಲ, ಅವರು ಯಾವ ಗೆರೆಯ ಮೇಲೆ ಸಹಿ ಹಾಕುತ್ತಿದ್ದಾರೆ ಎಂದು ಒಮ್ಮೆ ನೋಡಿ. ಸಂಬಂಧ ಕೆಡಲು ಇದಕ್ಕಿಂತ ಸಣ್ಣ ಕಾರಣ ಸಾಕು.

ಕರಾರು ಮಲಯಾಳದಲ್ಲಿದೆ. ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಕನ್ನಡದಲ್ಲಿ ಕೇಳಬಹುದಾ?

ಕೇಳಬಹುದು. ಕೊಡಲೇಬೇಕು ಎಂದು ಖಾಸಗಿ ಮಾಲಕರಿಗೆ ಕಟ್ಟುಪಾಡಿಲ್ಲ. ಸರಕಾರಿ ಕಚೇರಿಯ ಮಾತು ಬೇರೆ. ದೂರು ಪರಿಹಾರಕ್ಕೆ ದೇಶದ ಅಥವಾ ರಾಜ್ಯದ ಯಾವುದೇ ಬಳಕೆಯ ಭಾಷೆಯಲ್ಲಿ ಅರ್ಜಿ ಕೊಡಬಹುದು ಎಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಆದರೆ ಅದು ಪಿ.ಜಿ. ಕರಾರಿಗೆ ಅನ್ವಯಿಸುವುದಿಲ್ಲ.

ನಮ್ಮಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತ ಎಷ್ಟೋ ಮಂದಿಗೆ ಇದೇ ಫಜೀತಿ. ಫೋನಿನ ಅನುವಾದದ ಆ್ಯಪ್ ಸಾರಾಂಶಕ್ಕೆ ಸಾಕು, ಸಹಿಗೆ ಸಾಲದು. ‘ಕೊಡತಕ್ಕದ್ದು’, ‘ಕೊಡತಕ್ಕದ್ದಲ್ಲ’ ಎಂಬ ಕಡೆಯೇ ಅದು ಎಡವುತ್ತದೆ. ಮಲಯಾಳ ಓದುವ ನೆರೆಯವರು ಎಲ್ಲರಿಗೂ ಇದ್ದೇ ಇರುತ್ತಾರೆ. ಫೋಟೋ ತೆಗೆದು ತಂದು ಒಂದು ರಾತ್ರಿ ಓದಿಸಿ. ‘ಈಗಲೇ ಸಹಿ ಹಾಕದಿದ್ದರೆ ರೂಮು ಹೋಗುತ್ತದೆ’ ಎಂದರೆ ಸಣ್ಣ ಟೋಕನ್ ಕೊಟ್ಟು ಒಂದು ದಿನ ಕೇಳಿ. ಅದಕ್ಕೂ ಒಪ್ಪದ ಜಾಗದ ಬಗ್ಗೆ ನನಗಂತೂ ಅನುಮಾನ.

ಇನ್ನೊಂದು ಉಪಾಯ ಇದೆ. ಮುಖ್ಯ ನಾಲ್ಕು ವಿಷಯ, ಅಂದರೆ ಬಾಡಿಗೆ, ಠೇವಣಿ, ನೋಟಿಸಿನ ದಿನ, ವಾಪಸ್ ಕೊಡುವ ದಿನ, ಇವನ್ನು ನಿಮ್ಮ ಮಾತಲ್ಲೇ ವಾಟ್ಸ್ಆ್ಯಪ್‌ನಲ್ಲಿ ಬರೆದು ಮಾಲಕರಿಗೆ ಕಳಿಸಿ. ‘ನಾವು ಹೀಗೆ ಅರ್ಥ ಮಾಡಿಕೊಂಡಿದ್ದೇವೆ, ಸರಿ ತಾನೇ?’ ಎಂದು ಕೇಳಿ. ‘ಓಕೆ’ ಎಂದು ಬಂದರೆ ಆ ಮೆಸೇಜು ಅಳಿಸಬೇಡಿ.

ಓದದೆ ಸಹಿ ಹಾಕಿದೆ ಎಂಬ ಮಾತನ್ನು ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ.

ಮಾಲಕರು ‘ಅದೆಲ್ಲ ಸುಮ್ನೆ ಬರೆದದ್ದು, ನಾವು ಹಾಗೆಲ್ಲ ಮಾಡುವುದಿಲ್ಲ’ ಎಂದರು. ನಂಬಬಹುದಾ?

ಸುಮ್ನೆ ಬರೆದದ್ದಾದರೆ ಸುಮ್ನೆ ಹೊಡೆದೂ ಹಾಕಬಹುದು, ಅಲ್ವಾ? ನಗುತ್ತಲೇ ಹೇಳಿ. ಆ ಸಾಲಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಇಬ್ಬರೂ ಚಿಕ್ಕ ಸಹಿ ಹಾಕಿ. ಎರಡೂ ಪ್ರತಿಯಲ್ಲಿ. ಬರೆದ ಕರಾರು ಇರುವಾಗ ಅದಕ್ಕೆ ವಿರುದ್ಧವಾದ ಬಾಯಿಮಾತನ್ನು ಸಾಕ್ಷ್ಯವಾಗಿ ಹಿಡಿಯುವುದು ಬಹಳ ಕಷ್ಟ.

ಅಡ್ವಾನ್ಸ್, ಡಿಪಾಸಿಟ್, ಕಾಶನ್ ಮನಿ: ಇದೆಲ್ಲ ಒಂದೇನಾ?

ನಮ್ಮ ಕಡೆ ಎಲ್ಲದಕ್ಕೂ ‘ಅಡ್ವಾನ್ಸ್’ ಎಂದೇ ಹೇಳುತ್ತೇವೆ. ತೊಂದರೆ ಶುರುವಾಗುವುದೂ ಅಲ್ಲಿಂದಲೇ. ಬಾಡಿಗೆಯ ಮುಂಗಡವಾದರೆ ಅದು ಕೊನೆಯ ತಿಂಗಳ ಬಾಡಿಗೆಗೆ ವಜಾ ಆಗುತ್ತದೆ. ಠೇವಣಿಯಾದರೆ ಕೊನೆಯ ತಿಂಗಳ ಬಾಡಿಗೆಯನ್ನೂ ಕೊಟ್ಟು ಹೊರಬಂದ ಮೇಲೆ ಅದು ವಾಪಸ್ ಬರಬೇಕು. ‘ಕೊನೆಯ ತಿಂಗಳು ಅಡ್ವಾನ್ಸಿನಲ್ಲಿ ಹೋಗಲಿ’ ಎಂದು ಹುಡುಗರು ಬಾಡಿಗೆ ನಿಲ್ಲಿಸುತ್ತಾರೆ, ಮಾಲಕರು ಬಾಕಿ ಎಂದು ಬರೆದುಕೊಳ್ಳುತ್ತಾರೆ. ಹಾಗಾಗಿ ರಸೀದಿಯಲ್ಲಿ ‘ವಾಪಸ್ ಕೊಡತಕ್ಕ ಠೇವಣಿ’ ಎಂದು ಬರೆಸಿ.

ಎಷ್ಟು ಕೇಳಬಹುದು? ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಠೇವಣಿ ಬೇಡ ಎನ್ನುತ್ತದೆ. ಆದರೆ ಅದು ಮಾದರಿ ಮಾತ್ರ. ರಾಜ್ಯ ತನ್ನ ಕಾನೂನು ಮಾಡಿಕೊಂಡರೆ ಮಾತ್ರ ಜಾರಿ. ಅದನ್ನು ತೋರಿಸಿ ಚೌಕಾಸಿ ಮಾಡಬಹುದು, ಹಟ ಮಾಡಲಾಗದು.

ಕಾಶನ್ ಮನಿ ಎಂಬುದು ಕಾಲೇಜು, ಹಾಸ್ಟೆಲಿನ ಠೇವಣಿ. ಕೋರ್ಸು ಮುಗಿದಾಗ ಕೇಳಿ ಪಡೆಯಬೇಕು. ಅದಾಗಿಯೇ ಖಾತೆಗೆ ಬರುತ್ತದೆ ಎಂದು ಕಾಯುತ್ತಾ ಎಷ್ಟೋ ಮಂದಿ ಮರೆತೇ ಬಿಡುತ್ತಾರೆ. ಅದನ್ನು ಕೇಳಲು ಹಳೆಯ ರಸೀದಿ ಬೇಕು. ಮೂರು ವರ್ಷ ಅದನ್ನು ಜೋಪಾನವಾಗಿಡುವವರು ಹೆಚ್ಚಾಗಿ ಅಮ್ಮಂದಿರೇ.

ಠೇವಣಿಯಿಂದ ಯಾವುದಕ್ಕೆಲ್ಲ ಹಣ ಕಡಿಯಬಹುದು?

ಬಾಕಿ ಬಾಡಿಗೆ, ಬಾಕಿ ಕರೆಂಟು ಬಿಲ್ಲು, ನೀವು ಒಡೆದು ಹಾಕಿದ ಸಾಮಾನು. ಇದರಲ್ಲಿ ತಕರಾರಿಲ್ಲ. ತಕರಾರು ಬರುವುದು ಗೋಡೆಯ ವಿಷಯಕ್ಕೆ.

ನಮ್ಮ ಕರಾವಳಿಯ ಮಳೆಗಾಲ ನಿಮಗೆ ಗೊತ್ತಿದ್ದದ್ದೇ. ಜೂನ್‌ನಿಂದ ಸೆಪ್ಟೆಂಬರ್ ತನಕ ಕೆಂಪುಕಲ್ಲಿನ ಗೋಡೆ ನೀರು ಕುಡಿಯುತ್ತದೆ. ಆಗಸ್ಟಿಗಾಗುವಾಗ ಮಂಚದ ಹಿಂದೆ, ಕಪಾಟಿನ ಮೂಲೆಯಲ್ಲಿ ಕಪ್ಪು ಬೂಸ್ಟು. ಬ್ಯಾಗಿನ ಬೆಲ್ಟಿಗೂ ಬೂಸ್ಟು. ಸೇರುವಾಗ ಏಪ್ರಿಲ್‌ನಲ್ಲಿ ಬಳಿದ ಬಿಳಿ ಸುಣ್ಣ ಹೊಳೆಯುತ್ತಿರುತ್ತದೆ. ಬಿಡುವಾಗ ‘ರೂಮು ಹಾಳು ಮಾಡಿದ್ದಾರೆ’ ಎಂದು ಪೈಂಟಿಂಗ್ ಖರ್ಚು ಕಡಿಯುತ್ತಾರೆ. ಇದು ನ್ಯಾಯವಲ್ಲ. ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಬಾಡಿಗೆದಾರ ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂತಿರುಗಿಸಬೇಕು ಎನ್ನುವಾಗಲೇ, ಸಹಜ ಸವೆತವನ್ನು ಹೊರಗಿಟ್ಟಿದೆ. ಮಳೆಯ ತೇವ ನಿಮ್ಮ ತಪ್ಪಲ್ಲ. ಆದರೆ ಒದ್ದೆ ಬಟ್ಟೆಯನ್ನು ವರ್ಷವಿಡೀ ರೂಮಿನೊಳಗೆ ಹಗ್ಗ ಕಟ್ಟಿ ಒಣಗಿಸಿದ್ದರೆ ಮಾಲಕರ ಬಾಯಿಗೂ ಒಂದು ಮಾತು ಸಿಗುತ್ತದೆ.

ಮಾಡಬೇಕಾದ್ದು ಏನು? ಸೇರಿದ ದಿನವೇ, ಸಾಮಾನು ಬಿಚ್ಚುವ ಮೊದಲು, ವೀಡಿಯೋ ಮಾಡಿ. ನಾಲ್ಕು ಗೋಡೆ, ತಾರಸಿಯ ಮೂಲೆ, ಕಿಟಕಿಯ ಕೊಂಡಿ, ನಲ್ಲಿ, ಫ್ಲಶ್, ಫ್ಯಾನಿನ ರೆಗ್ಯುಲೇಟರ್, ಹಾಸಿಗೆಯ ಎರಡೂ ಬದಿ. ಹಾಸಿಗೆಯ ಅಡಿಭಾಗ ಯಾರೂ ನೋಡುವುದಿಲ್ಲ, ಕಲೆ ಇರುವುದು ಅಲ್ಲೇ. ಅದನ್ನು ಅದೇ ದಿನ ಮಾಲಕರಿಗೆ ಕಳಿಸಿ. ನಿಮ್ಮ ಗ್ಯಾಲರಿಯಲ್ಲಿ ಇಟ್ಟುಕೊಂಡರೆ ಸಾಲದು, ಅವರ ಫೋನಿಗೆ ತಲುಪಿದ ತಾರೀಕು ಮುಖ್ಯ. ಬೂಸ್ಟು ಬಂದ ತಿಂಗಳಲ್ಲೂ ಒಂದು ಫೋಟೋ, ‘ಇಲ್ಲಿ ಸೋರುತ್ತಿದೆ’ ಎಂದು ಒಂದು ಸಾಲು.

ಬಾಡಿಗೆ ಮನೆಯಾದರೆ ಇನ್ನೊಂದು ಅನುಕೂಲ ಇದೆ. ಮಾಲಕರೇ ಮಾಡಬೇಕಾದ ರಿಪೇರಿಯನ್ನು ಹೇಳಿದ ಮೇಲೂ ಮಾಡದಿದ್ದರೆ, ನೀವೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಕಳೆಯಲು ಅದೇ 108ನೇ ಸೆಕ್ಷನ್ ಬಿಡುತ್ತದೆ. ಮೊದಲು ಲಿಖಿತವಾಗಿ ತಿಳಿಸಿರಬೇಕು.

ಆರು ತಿಂಗಳ ‘ಲಾಕ್‌ಇನ್’ ಅಂತ ಬರೆದಿದ್ದಾರೆ. ಮಧ್ಯದಲ್ಲಿ ಬಿಟ್ಟರೆ ಏನಾಗುತ್ತದೆ?

ಇಷ್ಟು ತಿಂಗಳು ಬಿಟ್ಟುಹೋಗುವಂತಿಲ್ಲ ಎಂಬ ಕಟ್ಟು ಅದು. ಪುಟದ ಕೊನೆಗೆ ಸೇರಿಸುವ, ಆದರೆ ಮೊದಲು ಓದಬೇಕಾದ ಷರತ್ತು ಇದು. ಒಂದು ಉದಾಹರಣೆ ತೆಗೆದುಕೊಳ್ಳೋಣ. ಬಾಡಿಗೆ 6,000, ಠೇವಣಿ 12,000, ಲಾಕ್‌ಇನ್ ಆರು ತಿಂಗಳು. ನೀವು ಮೂರು ತಿಂಗಳಿಗೆ ಬಿಡುತ್ತೀರಿ. ಷರತ್ತು ಹೀಗಿರುತ್ತದೆ: ‘ಅವಧಿಗೆ ಮೊದಲು ತೆರವು ಮಾಡಿದರೆ ಉಳಿದ ಅವಧಿಯ ಬಾಡಿಗೆ ಪಾವತಿಸಬೇಕು ಮತ್ತು ಠೇವಣಿ ಮುಟ್ಟುಗೋಲು.’ ಲೆಕ್ಕ ಹಾಕಿ. 18,000 ಕೊಡಬೇಕು, ಮೇಲೆ 12,000 ಹೋಯಿತು. ಒಟ್ಟು 30,000. ನೀವು ಅಲ್ಲಿದ್ದ ಮೂರು ತಿಂಗಳ ಬಾಡಿಗೆಗಿಂತ ಜಾಸ್ತಿ.

ಕಾನೂನು ಇದನ್ನು ಕಣ್ಣು ಮುಚ್ಚಿ ಒಪ್ಪುವುದಿಲ್ಲ. ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ದಂಡದ ಮೊತ್ತ ಬರೆದಿದ್ದರೂ ಸಿಗುವುದು ‘ಸಮಂಜಸ ಪರಿಹಾರ’ ಮಾತ್ರ. ಬರೆದ ಮೊತ್ತ ಅದರ ಮೇಲಿನ ಮಿತಿ. ನೀವು ಬಿಟ್ಟ ಮರುವಾರವೇ ಆ ಮಂಚಕ್ಕೆ ಇನ್ನೊಬ್ಬ ಬಂದಿದ್ದರೆ ಮಾಲಕರಿಗೆ ನಷ್ಟವಾದದ್ದು ಒಂದು ವಾರದ ಬಾಡಿಗೆ. ಆದರೆ ವಾಸ್ತವ ಹೇಳಬೇಕು: ಹಣ ಇರುವುದು ಅವರ ಕೈಯಲ್ಲಿ, ಹಿಂದೆ ಬೀಳಬೇಕಾದವರು ನೀವು. 12,000ಕ್ಕೆ ಎಷ್ಟು ಸಲ ಮಂಗಳೂರಿಗೆ ಹೋಗಿ ಬರುತ್ತೀರಿ?

ಹಾಗಾಗಿ ಸಹಿಗೆ ಮೊದಲೇ ಎರಡು ಸಾಲು ಸೇರಿಸಲು ಕೇಳಿ. ಒಂದು, ಬದಲಿ ವಿದ್ಯಾರ್ಥಿಯನ್ನು ತೋರಿಸಿಕೊಟ್ಟರೆ ಲಾಕ್‌ಇನ್ ಇಲ್ಲ. ಎರಡು, ಬೇರೆ ಕಾಲೇಜಿನಲ್ಲಿ ಸೀಟು ಸಿಕ್ಕಿದರೆ ಅಥವಾ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿದರೆ ಒಂದು ತಿಂಗಳ ನೋಟಿಸು ಸಾಕು. ಕೇರಳದ ಅಲಾಟ್‌ಮೆಂಟು, ಕರ್ನಾಟಕದ ಸಿಇಟಿ ಎರಡಕ್ಕೂ ಅರ್ಜಿ ಹಾಕಿ ಕುಳಿತ ನಮ್ಮ ಮಕ್ಕಳಿಗೆ ಈ ಎರಡನೇ ಸಾಲು ತೀರಾ ಅಗತ್ಯ. ಎರಡನೇ ಸುತ್ತಿನಲ್ಲಿ ಸೀಟು ಬದಲಾಗುವುದು ಅಪರೂಪವೇನಲ್ಲ.

ಕೋರ್ಸೇ ಬಿಟ್ಟರೆ ಹಾಸ್ಟೆಲ್ ಫೀಸು ವಾಪಸ್ ಬರುತ್ತದಾ?

ಯುಜಿಸಿಯ 2018ರ ಅಧಿಸೂಚನೆಯಲ್ಲಿ ಒಂದು ಕ್ರಮ ಇದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನವೋ ಅದಕ್ಕಿಂತ ಜಾಸ್ತಿಯೋ ಇರುವಾಗ ಬಿಟ್ಟರೆ ಪೂರ್ತಿ ಫೀಸು, ಚಿಕ್ಕ ಕಡಿತ ಮಾತ್ರ. 15 ದಿನಕ್ಕಿಂತ ಕಡಿಮೆ ಇದ್ದರೆ 90 ಶೇಕಡಾ. ಕೊನೆಯ ದಿನ ಕಳೆದು 15 ದಿನದೊಳಗೆ 80, 15 ದಿನ ದಾಟಿ 30ನೇ ದಿನದೊಳಗೆ 50. ಆಮೇಲೆ ಏನೂ ಇಲ್ಲ. ಕಾಶನ್ ಮನಿ, ಠೇವಣಿ ಈ ಲೆಕ್ಕದಿಂದ ಹೊರಗೆ. ಕೆಲವು ವರ್ಷ ಯುಜಿಸಿ ಪ್ರತ್ಯೇಕ ಸುತ್ತೋಲೆಯನ್ನೂ ಹೊರಡಿಸುತ್ತದೆ. 2024-25ರಲ್ಲಿ ಸೆಪ್ಟೆಂಬರ್ 30ರೊಳಗೆ ಪ್ರವೇಶ ರದ್ದು ಮಾಡಿದವರಿಗೆ ಪೂರ್ತಿ ಫೀಸು ವಾಪಸ್ ಎಂದಿತ್ತು. ನಿಮ್ಮ ವರ್ಷದ ಸುತ್ತೋಲೆ ನೋಡಿಕೊಳ್ಳಿ.

ನೆನಪಿಡಿ, ಇದು ಕೋರ್ಸು ಬಿಡುವವರಿಗೆ. ಕೋರ್ಸಿನಲ್ಲಿದ್ದುಕೊಂಡು ಹಾಸ್ಟೆಲ್ ಮಾತ್ರ ಬಿಡುವವರಿಗೆ ಹಾಸ್ಟೆಲಿನ ನಿಯಮಾವಳಿಯೇ ಗತಿ. ಹೊರಗಿನ ಪಿ.ಜಿ.ಗೂ ಇದಕ್ಕೂ ಸಂಬಂಧವೇ ಇಲ್ಲ.

ನಾಲ್ಕು ಮಂದಿ ಗೆಳೆಯರು ಸೇರಿ ಮನೆ ಮಾಡುತ್ತಿದ್ದೇವೆ. ಒಂದೇ ಕರಾರು ಸಾಕಾ?

ಸಾಕು, ಆದರೆ ಪರಿಣಾಮ ತಿಳಿದಿರಲಿ. ಒಂದೇ ಕರಾರಿಗೆ ನಾಲ್ವರೂ ಸಹಿ ಹಾಕಿದರೆ ಇಡೀ ಬಾಡಿಗೆಯನ್ನು ಯಾವ ಒಬ್ಬನಿಂದಲೂ ಕೇಳುವ ಹಕ್ಕು ಮಾಲಕರಿಗಿದೆ. ಕರಾರು ಕಾಯ್ದೆಯ 43ನೇ ಸೆಕ್ಷನ್. ಡಿಸೆಂಬರಿನಲ್ಲಿ ಒಬ್ಬ ಬಿಟ್ಟು ಹೋದರೆ ಅವನ ಪಾಲು ಉಳಿದ ಮೂವರ ತಲೆಗೆ. ಕೊಟ್ಟವರು ಅವನಿಂದ ವಸೂಲು ಮಾಡಬಹುದು ಎಂದು ಅದೇ ಸೆಕ್ಷನ್ ಹೇಳುತ್ತದೆ, ಆದರೆ ಗೆಳೆಯನ ಮೇಲೆ ಕೇಸು ಹಾಕುವವರು ಯಾರು? ನಿಮ್ಮ ನಿಮ್ಮೊಳಗೆ ಒಂದು ಪುಟದ ಒಪ್ಪಂದ ಬರೆದುಕೊಳ್ಳಿ: ಮಧ್ಯದಲ್ಲಿ ಬಿಡುವವನು ಬದಲಿ ಜನ ತರಬೇಕು, ಇಲ್ಲಾ ಎರಡು ತಿಂಗಳ ಪಾಲು ಕೊಟ್ಟು ಹೋಗಬೇಕು. ಠೇವಣಿ ಯಾರು ಎಷ್ಟು ಹಾಕಿದರು ಎಂಬುದೂ ಅದರಲ್ಲೇ ಇರಲಿ. ಇನ್ನು ಒಬ್ಬನ ಹೆಸರಲ್ಲಿ ಮಾತ್ರ ಕರಾರು ಮಾಡಿ ಉಳಿದವರು ‘ಹಾಗೇ’ ಇರುವುದು ತೀರಾ ಕೆಟ್ಟ ಕ್ರಮ. ಅವನಿಗೆ ಹೊಣೆ ಜಾಸ್ತಿ, ನಿಮಗೆ ಹಕ್ಕು ಇಲ್ಲ.

ಕರೆಂಟು, ನೀರಿನ ಬಿಲ್ಲು ಬಾಡಿಗೆಯಲ್ಲಿ ಸೇರಿದೆಯಾ?

ಬರೆದಿದ್ದರೆ ಸೇರಿದೆ, ಇಲ್ಲದಿದ್ದರೆ ಇಲ್ಲ. ಕೇರಳದಲ್ಲಿ ಮನೆಗಳಿಗೆ ಕೆಎಸ್ಇಬಿ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುತ್ತದೆ, ಮಂಗಳೂರಿನಲ್ಲಿ ಮೆಸ್ಕಾಂ ಬಿಲ್ಲು ತಿಂಗಳಿಗೊಮ್ಮೆ. ಪೆರಿಯದಲ್ಲೋ ಕಾಞಂಗಾಡಿನಲ್ಲೋ ಬಾಡಿಗೆ ಮನೆ ಬಿಡುವಾಗ ‘ಬಿಲ್ಲು ಬಂದ ಮೇಲೆ ಠೇವಣಿ ಕೊಡುತ್ತೇವೆ’ ಎನ್ನುವುದು ಇದೇ ಕಾರಣಕ್ಕೆ. ಸೇರುವ ದಿನ, ಬಿಡುವ ದಿನ ಮೀಟರಿನ ಫೋಟೋ ತೆಗೆದಿದ್ದರೆ ಅಲ್ಲೇ ಕೂತು ಲೆಕ್ಕ ಮುಗಿಸಬಹುದು. ಸಬ್ ಮೀಟರ್ ಇಟ್ಟ ಪಿ.ಜಿ.ಯಲ್ಲಿ ಯೂನಿಟ್ಟಿಗೆ ಎಷ್ಟು ಎಂದು ಬರೆಸಿ.

ನೀರಿನ ವಿಷಯ ಏಪ್ರಿಲ್‌ನಲ್ಲಿ ಗೊತ್ತಾಗುತ್ತದೆ. ಬಾವಿ ತಳ ಕಂಡಾಗ ಟ್ಯಾಂಕರಿನ ಖರ್ಚು ಯಾರದ್ದು? ಒಂದು ಸಾಲು ಸಾಕು.

ಮೆಸ್ ಕಟ್ ಹೇಗೆ ಸಿಗುತ್ತದೆ?

ಉಣ್ಣದ ದಿನಗಳ ಹಣವನ್ನು ಮೆಸ್ಸಿನ ಬಿಲ್ಲಿನಲ್ಲಿ ಕಳೆಯುವುದೇ ಮೆಸ್ ಕಟ್. ಅದು ಸಿಗುವುದು ಮೊದಲೇ ಬರೆದು ಕೊಟ್ಟು, ಇಷ್ಟು ದಿನಕ್ಕೆ ಕಡಿಮೆಯಿಲ್ಲದಂತೆ ಊರಿಗೆ ಹೋದರೆ ಮಾತ್ರ. ಆ ‘ಇಷ್ಟು ದಿನ’ ಹಾಸ್ಟೆಲಿನಿಂದ ಹಾಸ್ಟೆಲಿಗೆ ಬೇರೆ. ಶುಕ್ರವಾರ ಸಂಜೆ ಹೊರಟು ಸೋಮವಾರ ಬರುವ ನಮ್ಮ ಮಕ್ಕಳಿಗೆ ಹೆಚ್ಚಾಗಿ ಕಟ್ ಸಿಗುವುದಿಲ್ಲ. ಖರ್ಚನ್ನು ತಿಂಗಳ ಕೊನೆಗೆ ಎಲ್ಲರಿಗೂ ಹಂಚುವ ಮೆಸ್ಸಾದರೆ ಬಿಲ್ಲು ಪ್ರತಿ ತಿಂಗಳೂ ಬೇರೆ ಬೇರೆ. ಪಿ.ಜಿ.ಯಲ್ಲಿ ಊಟ ಬೇಡ ಎಂದರೆ ಎಷ್ಟು ಕಡಿಮೆ ಎಂದು ಕೇಳಿ. ಕುಚ್ಚಲಕ್ಕಿ ಅನ್ನ ಇದೆಯಾ ಎಂದೂ ಕೇಳಿ. ಕರಾರಿಗೆ ಸಂಬಂಧವಿಲ್ಲದಿದ್ದರೂ ಮಕ್ಕಳು ಪಿ.ಜಿ. ಬಿಡುವ ಕಾರಣಗಳಲ್ಲಿ ಅದೂ ಒಂದು.

ಗೇಟಿನ ಸಮಯ, ಫೋನು, ಹೊರಗೆ ಹೋಗುವುದು: ಯಾವ ನಿಯಮ ಬೇಕಾದರೂ ಹಾಕಬಹುದಾ?

ಕಾಲೇಜು, ವಿಶ್ವವಿದ್ಯಾಲಯದ ಹಾಸ್ಟೆಲಿಗೆ ಮಿತಿ ಇದೆ. 2019ರಲ್ಲಿ ಕೋಯಿಕ್ಕೋಡು ಜಿಲ್ಲೆಯ ಚೇಳನ್ನೂರಿನ ಕಾಲೇಜೊಂದರ ವಿದ್ಯಾರ್ಥಿನಿಯನ್ನು, ಸಂಜೆ ಫೋನ್ ಒಪ್ಪಿಸುವ ನಿಯಮಕ್ಕೆ ಒಪ್ಪಲಿಲ್ಲ ಎಂದು ಹಾಸ್ಟೆಲಿನಿಂದ ಹೊರಹಾಕಲಾಯಿತು. ಕೇರಳ ಹೈಕೋರ್ಟು ಅವಳನ್ನು ವಾಪಸ್ ಸೇರಿಸಿಕೊಳ್ಳಲು ಹೇಳಿತು. ಇಂಟರ್ನೆಟ್ ಬಳಕೆ ಶಿಕ್ಷಣದ ಹಕ್ಕಿನ, ಖಾಸಗಿತನದ ಹಕ್ಕಿನ ಭಾಗ ಎಂದಿತು. ಅದೇ ವರ್ಷ ತೃಶೂರಿನ ಕಾಲೇಜೊಂದರ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಸಿನಿಮಾದ ಆಟಗಳಿಗೆ ಹೋಗಬಾರದೆಂದು ಇದ್ದ ನಿಯಮವನ್ನೂ ತೆಗೆದುಹಾಕಿತು. ಶಿಸ್ತಿನ ನಿಯಮ ಬೇಡ ಎಂದಲ್ಲ. ಓದಿಗೆ, ಸುರಕ್ಷತೆಗೆ ಸಂಬಂಧ ಇರಬೇಕು, ಹುಡುಗರಿಗೊಂದು ಹುಡುಗಿಯರಿಗೊಂದು ಆಗಬಾರದು.

ಖಾಸಗಿ ಪಿ.ಜಿ.ಯ ಮೇಲೆ ಈ ತೀರ್ಪು ನೇರವಾಗಿ ಬೀಳುವುದಿಲ್ಲ. ಅಲ್ಲಿ ನೀವು ಒಪ್ಪಿದ್ದೇ ನಿಯಮ. ಲ್ಯಾಬು, ಲೈಬ್ರರಿ ಇರುವವರು ತಡವಾಗಿ ಬರುವ ದಿನದ ಬಗ್ಗೆ ಮೊದಲೇ ಮಾತಾಡಿ.

ಒರಿಜಿನಲ್ ಸರ್ಟಿಫಿಕೇಟು, ಆಧಾರ್ ಇಟ್ಟುಕೊಳ್ಳುತ್ತೇವೆ ಎನ್ನುತ್ತಾರೆ.

ಕೊಡಬೇಡಿ. ಕಾಲೇಜು, ವಿಶ್ವವಿದ್ಯಾಲಯಗಳೇ ಒರಿಜಿನಲ್ ಇಟ್ಟುಕೊಳ್ಳಬಾರದು ಎಂದು ಯುಜಿಸಿ ಹೇಳಿರುವಾಗ ಪಿ.ಜಿ.ಗೆ ಏನು ಹಕ್ಕು? ತೋರಿಸಿ, ಜೆರಾಕ್ಸ್ ಕೊಡಿ. ಆಧಾರಿನ ಮೊದಲ ಎಂಟು ಅಂಕಿ ಮುಚ್ಚಿದ ಪ್ರತಿ ಆಧಾರ್ ಕೊಡುವ ಯುಐಡಿಎಐಯಿಂದಲೇ ಸಿಗುತ್ತದೆ. ಜೆರಾಕ್ಸಿನ ಮೇಲೆ ‘ಪಿ.ಜಿ. ವಾಸಕ್ಕೆ ಮಾತ್ರ’ ಎಂದು ಬರೆದು ತಾರೀಕು ಹಾಕಿ.

ಬಾಡಿಗೆಗೆ ಜಿಎಸ್‌ಟಿ ಸೇರಿಸಿ ಬಿಲ್ಲು ಕೊಟ್ಟಿದ್ದಾರೆ. ಸರಿಯಾ?

ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿ ತನಕದ ವಸತಿಗೆ, ಸತತ 90 ದಿನವಾದರೂ ಇರುವುದಾದರೆ, ಜಿಎಸ್‌ಟಿ ಇಲ್ಲ. 2024ರ ಜುಲೈ 15ರಿಂದ ಹಾಗೆ. ಕಾಸರಗೋಡು, ಮಂಗಳೂರಿನ ವಿದ್ಯಾರ್ಥಿಗಳ ಪಿ.ಜಿ. ಹೆಚ್ಚಾಗಿ ಇದರೊಳಗೇ ಬರುತ್ತದೆ.

ಜಗಳವಾಗಿ ರೂಮಿಗೆ ಬೀಗ ಹಾಕಿಬಿಟ್ಟರೆ? ದೂರು ಎಲ್ಲಿ ಕೊಡುವುದು?

ಪುಸ್ತಕ, ಲ್ಯಾಪ್‌ಟಾಪ್ ಒಳಗಿದ್ದರೆ ಮೊದಲು 112ಕ್ಕೆ ಫೋನ್ ಮಾಡಿ. ಬಾಕಿ ಇದೆ ಎಂದು ನಿಮ್ಮ ಸಾಮಾನು ಹಿಡಿದಿಡುವಂತಿಲ್ಲ. ಬಾಡಿಗೆ ಮನೆಯಿಂದ ಕಾನೂನು ಬಿಟ್ಟು ಹೊರಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಆರು ತಿಂಗಳೊಳಗೆ ದಾವೆ ಹೂಡಿ ವಶ ವಾಪಸ್ ಪಡೆಯಬಹುದು.

ಹಣದ ತಕರಾರಿಗೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಪಿ.ಜಿ. ಎಂದರೆ ದುಡ್ಡು ಕೊಟ್ಟು ಪಡೆದ ಸೇವೆ. 5 ಲಕ್ಷದ ತನಕದ ದೂರಿಗೆ ಶುಲ್ಕವೇ ಇಲ್ಲ. 2019ರ ಕಾಯ್ದೆ ಬಂದ ಮೇಲೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂದರೆ ಮಂಗಳೂರಿನ ಪಿ.ಜಿ. ಮೇಲೆ ಕಾಸರಗೋಡಿನಲ್ಲೇ. ಇದು ಹೆಚ್ಚಿನವರಿಗೆ ಗೊತ್ತಿಲ್ಲ, ಗಡಿಯ ನಮಗೆ ಮಾತ್ರ ಬಹಳ ಉಪಕಾರದ ಸಂಗತಿ. ಮೊದಲು ವಿಚಾರಿಸಲು ಗ್ರಾಹಕ ಸಹಾಯವಾಣಿ 1915.

ಅದಕ್ಕೂ ಮೊದಲು ಕಾನೂನು ಸೇವಾ ಪ್ರಾಧಿಕಾರ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಇದೆ, ಪರಿಶಿಷ್ಟ ಜಾತಿ, ಪಂಗಡದವರಿಗೂ. ಫೋನ್ 15100. ಎರಡೂ ಕಡೆಯವರನ್ನು ಕರೆದು ಕೂರಿಸಿ ಮಾತಾಡಿಸಿದರೆ ಸಣ್ಣ ಮೊತ್ತದ ಠೇವಣಿ ಜಗಳ ಅಲ್ಲೇ ಮುಗಿಯುವುದುಂಟು.

ವಿಶ್ವವಿದ್ಯಾಲಯದ ಹಾಸ್ಟೆಲಾದರೆ ವಾರ್ಡನ್, ಆಮೇಲೆ ವಿದ್ಯಾರ್ಥಿ ದೂರು ಸಮಿತಿ, ಆಮೇಲೆ ಮೇಲ್ಮನವಿ ಕೇಳುವ ಓಂಬಡ್ಸ್‌ಪರ್ಸನ್. ಯುಜಿಸಿಯ 2023ರ ನಿಯಮದ ಕ್ರಮ ಅದು.

ಬಿಡುವ ದಿನ ಏನೇನು ಮಾಡಬೇಕು?

ನೋಟಿಸನ್ನು ಬರೆದೇ ಕೊಟ್ಟಿರಬೇಕು, ಮೆಸೇಜಾದರೂ ಸಾಕು. ಹೊರಡುವ ಮೊದಲು ಮಾಲಕರನ್ನೋ ಮೇಲ್ವಿಚಾರಕರನ್ನೋ ರೂಮಿಗೆ ಕರೆದು ತೋರಿಸಿ. ಮತ್ತೊಮ್ಮೆ ವೀಡಿಯೋ. ಬೀಗದ ಕೈ ಕೊಟ್ಟದ್ದಕ್ಕೆ ಒಂದು ಸಾಲು ಬರೆಸಿಕೊಳ್ಳಿ, ಯಾಕೆಂದರೆ ಕೈ ಕೊಡುವ ತನಕ ಬಾಡಿಗೆ ಓಡುತ್ತಿದೆ ಎಂದು ವಾದಿಸುವವರಿದ್ದಾರೆ. ಠೇವಣಿ ಹಾಕಬೇಕಾದ ಬ್ಯಾಂಕ್ ಖಾತೆ ಬರೆದು ಕೊಡಿ, ಯಾವ ತಾರೀಕಿನೊಳಗೆ ಎಂದು ಕೇಳಿ. ಕಡಿತ ಇದ್ದರೆ ಲೆಕ್ಕ ಬರೆದು ಕೊಡಲಿ. ‘ಊರಿಗೆ ಹೋಗಿ, ಹಾಕುತ್ತೇವೆ’ ಎಂಬ ಮಾತಿಗೆ ತಲೆಯಾಡಿಸಿ ಬಸ್ಸು ಹತ್ತಬೇಡಿ.

ಎಜುಕೇಶನ್ ಲೋನಿನಲ್ಲಿ ಹಾಸ್ಟೆಲ್ ಖರ್ಚು ಸೇರುತ್ತದಾ? ತೆರಿಗೆಯಲ್ಲಿ ರಿಯಾಯಿತಿ?

ಲೋನಿನಲ್ಲಿ ಸೇರುತ್ತದೆ. ಕಾಲೇಜಿನ ಹಾಸ್ಟೆಲಾದರೆ ಕಾಲೇಜೇ ಖರ್ಚಿನ ಪಟ್ಟಿ ಕೊಡುತ್ತದೆ. ಹೊರಗಿನ ಪಿ.ಜಿ.ಯಾದರೆ ಬ್ಯಾಂಕು ಕರಾರಿನ ಪ್ರತಿ, ರಸೀದಿ ಕೇಳಬಹುದು. ಹಾಗಾಗಿ ಬಾಡಿಗೆಯನ್ನು ನಗದಾಗಿ ಕೊಡುವ ಬದಲು ಯುಪಿಐಯಲ್ಲಿ, ಯಾವ ತಿಂಗಳದ್ದು ಎಂದು ಬರೆದು ಕಳಿಸಿ. ತೆರಿಗೆಯ ಹಳೆಯ ಪದ್ಧತಿಯಲ್ಲಿರುವವರಿಗೆ ಮಕ್ಕಳ ಟ್ಯೂಷನ್ ಫೀಸಿಗೆ ರಿಯಾಯಿತಿ ಇದೆ, ಹಾಸ್ಟೆಲ್ ಫೀಸಿಗೆ ಇಲ್ಲ. ಎರಡೂ ಒಂದೇ ರಸೀದಿಯಲ್ಲಿ ಬಂದಿದ್ದರೆ ಬೇರೆ ಬೇರೆ ಮಾಡಿ ಕೊಡಲು ಕಾಲೇಜಿನ ಕಚೇರಿಯಲ್ಲಿ ಕೇಳಿ.